ನೋವಿನ ಗುಳಿಗೆಯ ಚಟಕ್ಕೆ ಫೋನಿನಲ್ಲೇ ಚಿಕಿತ್ಸೆ: ಎಷ್ಟು ಸಾಧ್ಯ, ಎಲ್ಲಿಂದ ಆಸ್ಪತ್ರೆಗೇ ಹೋಗಬೇಕು

ಮೊಬೈಲಿನಲ್ಲಿ ಒಂದು ಸಲ 'ಟ್ರಮಡಾಲ್ ಬಿಡೋದು ಹೇಗೆ' ಅಂತ ಹುಡುಕಿ ನೋಡಿ. ಟ್ರಮಡಾಲ್ ಅಂದರೆ ಚಟ ಹಿಡಿಸಬಲ್ಲ ಒಂದು ನೋವಿನ ಗುಳಿಗೆ. ಸಾಮಾನ್ಯವಾಗಿ ಎರಡು ಥರದ ಉತ್ತರ ಎದುರಾಗುತ್ತವೆ. ಒಂದು ಅಮೆರಿಕದ್ದು: ಮನೆಯಲ್ಲೇ ಕೂತು ವಿಡಿಯೋ ಕಾಲ್‌ನಲ್ಲಿ ಡಾಕ್ಟರ ಹತ್ತಿರ ಮಾತಾಡಿ, ಆಮೇಲೆ ಹತ್ತಿರದ ಔಷಧಿ ಅಂಗಡಿಯಲ್ಲಿ ಮಾತ್ರೆ ತಗೊಳ್ಳಿ. ಇನ್ನೊಂದು ನಮ್ಮ ಕಡೆಯದ್ದು: ರೋಗಿಗೆ ಗೊತ್ತಾಗದ ಹಾಗೆ ಊಟದಲ್ಲಿ ಪುಡಿ ಬೆರೆಸಿ, ಕೆಲವೇ ದಿನದಲ್ಲಿ ಚಟ ಮಾಯ. ದಾವಣಗೆರೆಯಲ್ಲೋ ಜಗಳೂರಿನಲ್ಲೋ ಕೂತು ಓದುವವರಿಗೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಮೊದಲನೆಯದಕ್ಕೆ ನಮ್ಮಲ್ಲಿ ಕಾನೂನು ಅಡ್ಡ ಇದೆ. ಎರಡನೆಯದು ಮೋಸ. ಪುಡಿಯಲ್ಲಿ ಏನಿದೆ ಅಂತ ಕೊಟ್ಟವರಿಗೂ ಗೊತ್ತಿರುವುದಿಲ್ಲ, ತಿಂದವರಿಗೂ ಗೊತ್ತಿರುವುದಿಲ್ಲ.

ಆದರೂ ಫೋನಿನಿಂದ ಆಗುವ ಕೆಲಸ ಸಾಕಷ್ಟಿದೆ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ತಿಳಿಯಬೇಕಾದರೆ ಮೊದಲು ಈ ಗುಳಿಗೆ ಮೈಯೊಳಗೆ ಏನು ಮಾಡುತ್ತದೆ ಅನ್ನುವುದರಿಂದ ಶುರು ಮಾಡಬೇಕು.

ಎಲ್ಲ ನೋವಿನ ಗುಳಿಗೆಯೂ ಇದಲ್ಲ

ಮೈಕೈ ನೋವಿಗೆ ನಾವು ನುಂಗುವ ಪ್ಯಾರಾಸಿಟಮಾಲ್, ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಇವುಗಳ ಜಾತಿಯೇ ಬೇರೆ. ಜಾಸ್ತಿ ತಗೊಂಡರೆ ಹೊಟ್ಟೆ, ಕಿಡ್ನಿ, ಲಿವರ್ ಹಾಳಾಗಬಹುದು. ಆದರೆ ಬಿಟ್ಟರೆ ಮೈ ನಡುಗುವುದಿಲ್ಲ.

ಇಲ್ಲಿ ಮಾತಾಡುತ್ತಿರುವುದು ಒಪಿಯಾಯ್ಡ್ ಗುಂಪಿನ ಔಷಧಿಗಳ ಬಗ್ಗೆ. ಅಫೀಮಿನಿಂದ ಬಂದವು, ಇಲ್ಲವೇ ಅಫೀಮಿನ ಹಾಗೆಯೇ ಕೆಲಸ ಮಾಡುವಂತೆ ಕಾರ್ಖಾನೆಯಲ್ಲಿ ತಯಾರಾದವು. ನಾವು ಪಾಯಸಕ್ಕೆ ಹಾಕುವ ಗಸಗಸೆ ಇದೆಯಲ್ಲ, ಅದೇ ಗಿಡದ ಎಳೆ ಕಾಯಿಯನ್ನು ಗೀರಿದಾಗ ಒಸರುವ ಹಾಲೇ ಅಫೀಮು. ಅದರಲ್ಲಿ ಮಾರ್ಫಿನ್, ಕೊಡೀನ್ ಇರುತ್ತವೆ. ಟ್ರಮಡಾಲ್, ಟಪೆಂಟಡಾಲ್, ಪೆಂಟಾಜೋಸಿನ್ ಕಾರ್ಖಾನೆಯವು. ಕೆಲವು ಕೆಮ್ಮಿನ ಸಿರಪ್‌ನಲ್ಲಿ ಕೊಡೀನ್ ಇರುತ್ತದೆ, ಹಾಗಾಗಿ ಬಾಟಲಿಯೂ ಈ ಲೆಕ್ಕಕ್ಕೆ ಬರುತ್ತದೆ.

ಗುರುತು ಹಿಡಿಯುವುದು ಹೇಗೆ? ಸ್ಟ್ರಿಪ್ಪಿನ ಹಿಂದೆ ದೊಡ್ಡಕ್ಷರದಲ್ಲಿರುವ ಕಂಪನಿ ಹೆಸರು ಬಿಡಿ, ಅದರ ಕೆಳಗಿನ ಸಣ್ಣಕ್ಷರ ಓದಿ. ಅಲ್ಲಿ ಮೇಲಿನ ಹೆಸರುಗಳಲ್ಲಿ ಒಂದಿದ್ದರೆ ಅದು ಒಪಿಯಾಯ್ಡ್. ಮಾದಕವಸ್ತು ಕಾಯ್ದೆಯಡಿ ಬರುವ ಔಷಧಿಯಾದರೆ ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ 'ಎನ್‌ಆರ್‌ಎಕ್ಸ್' ಅಂತ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಟ್ರಮಡಾಲ್ ಈ ಕಾಯ್ದೆಯೊಳಗೆ ಬಂದದ್ದು 2018ರಲ್ಲಿ. ಟಪೆಂಟಡಾಲ್ ಜೊತೆ ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಸೇರಿಸಿದ ಗುಳಿಗೆಯ ತಯಾರಿಕೆ ಮತ್ತು ರಫ್ತಿನ ಅನುಮತಿ ಹಿಂಪಡೆಯಲು ಕೇಂದ್ರದ ಔಷಧ ನಿಯಂತ್ರಕರು 2025ರ ಫೆಬ್ರವರಿಯಲ್ಲಿ ಸೂಚಿಸಿದರು.

ಇದು ಸಣ್ಣ ಸಂಗತಿಯೇನೂ ಅಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 2.26 ಕೋಟಿ ಜನ ಯಾವುದಾದರೂ ಒಪಿಯಾಯ್ಡ್ ಬಳಸುತ್ತಿದ್ದರು. ಜನಸಂಖ್ಯೆಯ ಶೇ. 0.96 ಮಂದಿ ಬಳಸುತ್ತಿದ್ದದ್ದು ಔಷಧಿ ರೂಪದ್ದನ್ನೇ. ಇವರಲ್ಲಿ ಮೋಜಿಗೆ ಶುರು ಮಾಡಿದವರೂ ಇರುತ್ತಾರೆ, ಆಪರೇಷನ್ ಆದ ಮೇಲೆ ಡಾಕ್ಟರು ಬರೆದುಕೊಟ್ಟದ್ದನ್ನು ನಿಲ್ಲಿಸಲಾಗದೆ ಉಳಿದವರೂ ಇರುತ್ತಾರೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮೂಟೆ ಹೊರುವವರು, ರಾತ್ರಿಯಿಡೀ ಹೆದ್ದಾರಿಯಲ್ಲಿ ಲಾರಿ ಓಡಿಸುವವರು, ಮಂಡಕ್ಕಿ ಭಟ್ಟಿಯ ಬೆಂಕಿ ಮುಂದೆ ನಿಲ್ಲುವವರು, ಇಂಥವರಿಗೆ ಸೊಂಟ ನೋವು ಸಂಜೆಗೆ ಬಂದು ಹೋಗುವ ನೆಂಟ ಅಲ್ಲ. ಹಾಗಾಗಿ ಶುರುವಾಗುವುದು ನಿಜವಾದ ನೋವಿನಿಂದಲೇ. ಆಮೇಲೆ ಒಂದು ಗುಳಿಗೆ ಎರಡಾಗುತ್ತದೆ.

ಬಿಟ್ಟರೆ ಮೈ ಯಾಕೆ ಹಾಗಾಡುತ್ತದೆ

ಮಿದುಳು, ಬೆನ್ನುಹುರಿ, ಕರುಳು, ಇಲ್ಲೆಲ್ಲ ನರಕೋಶಗಳ ಮೇಲೆ ಒಪಿಯಾಯ್ಡ್ ಬಂದು ಕೂರುವ ಜಾಗಗಳಿವೆ. ಇವಕ್ಕೆ ಗ್ರಾಹಕ ಅನ್ನುತ್ತಾರೆ. ನಮ್ಮ ಮೈಯೇ ತಯಾರಿಸುವ ಎಂಡಾರ್ಫಿನ್‌ನಂಥ ನೋವು ನಿವಾರಕಗಳಿಗಾಗಿ ಇರುವ ಜಾಗ ಅದು. ಗುಳಿಗೆ ಹೋಗಿ ಅಲ್ಲಿ ಕೂತಾಗ ನೋವಿನ ಸುದ್ದಿ ಮೇಲೆ ಹೋಗುವುದು ಕಡಿಮೆಯಾಗುತ್ತದೆ, ಮನಸ್ಸು ಹಗುರ ಅನ್ನಿಸುತ್ತದೆ, ಉಸಿರು ನಿಧಾನವಾಗುತ್ತದೆ, ಕರುಳು ಮಂದವಾಗುತ್ತದೆ. ಇಂಥ ಗುಳಿಗೆ ತಗೊಂಡವರಿಗೆ ಮಲಬದ್ಧತೆ ಆಗುವುದು ಇದರಿಂದಲೇ.

ದಿನವೂ ಹೀಗಾದರೆ ಮಿದುಳು ಸುಮ್ನೆ ಕೂರುವುದಿಲ್ಲ. ಗುಳಿಗೆ ಎಷ್ಟು ಮಂದ ಮಾಡುತ್ತದೋ ಅಷ್ಟನ್ನು ಸರಿದೂಗಿಸಲು ಎಚ್ಚರಿಕೆಯ ವ್ಯವಸ್ಥೆಯನ್ನು ಜೋರು ಮಾಡುತ್ತದೆ. ಅದರಲ್ಲಿ ಮುಖ್ಯವಾದದ್ದು ನಾರ್‌ಅಡ್ರಿನಲಿನ್. ಭಯವಾದಾಗ ಎದೆ ಹೊಡೆದುಕೊಳ್ಳುವಂತೆ ಮಾಡುತ್ತದಲ್ಲ, ಅದೇ. ಗುಳಿಗೆ ಥಟ್ಟನೆ ನಿಂತರೆ ಮಂದ ಮಾಡುವವರು ಯಾರೂ ಇಲ್ಲ, ಎಚ್ಚರಿಕೆ ಮಾತ್ರ ಪೂರ್ತಿ ಜೋರಿನಲ್ಲಿ. ಅದಕ್ಕೇ ಮೂಗು ಸೋರುತ್ತದೆ, ಕಣ್ಣಲ್ಲಿ ನೀರು, ಮೇಲಿಂದ ಮೇಲೆ ಆಕಳಿಕೆ, ರೋಮ ನಿಮಿರುವುದು, ಬೆವರು, ಮೂಳೆಯೊಳಗಿನ ನೋವು, ಹೊಟ್ಟೆ ಹಿಂಡುವುದು, ಭೇದಿ, ವಾಂತಿ. ಕಾಲು ಒಂದು ಕಡೆ ನಿಲ್ಲುವುದಿಲ್ಲ, ನಿದ್ದೆ ಹತ್ತಿರ ಸುಳಿಯುವುದಿಲ್ಲ.

ಬೇಗ ಮೈಯಿಂದ ಹೊರಹೋಗುವ ಗುಳಿಗೆಯಾದರೆ ಕೊನೆಯ ಗುಳಿಗೆಯ 8ರಿಂದ 24 ಗಂಟೆಯೊಳಗೆ ಇದು ಶುರು. ಎರಡು ಮೂರನೇ ದಿನ ಅತಿ ಕೆಟ್ಟದು. ವಾರ, ಹತ್ತು ದಿನಕ್ಕೆ ಮೈ ಸುಧಾರಿಸುತ್ತದೆ. ನಿದ್ದೆ ಮತ್ತು ಆಸೆ ಮಾತ್ರ ವಾರಗಟ್ಟಲೆ ಕಾಡಬಹುದು. ಟ್ರಮಡಾಲ್ ಸ್ವಲ್ಪ ಬೇರೆ. ಅದು ಸಿರೊಟೋನಿನ್ ಅನ್ನುವ ಮಿದುಳಿನ ಇನ್ನೊಂದು ರಾಸಾಯನಿಕದ ಮೇಲೂ ಕೆಲಸ ಮಾಡುವುದರಿಂದ ಬಿಟ್ಟಾಗ ಕೆಲವರಿಗೆ ವಿಪರೀತ ಗಾಬರಿ, ಕೈಕಾಲಲ್ಲಿ ಚುಚ್ಚಿದ ಹಾಗೆ ಆಗುವುದೂ ಉಂಟು. ಅತಿಯಾಗಿ ತಗೊಂಡಾಗ ಫಿಟ್ಸ್ ಬರುವ ಅಪಾಯವೂ ಇದೆ.

'ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು' ಅನ್ನುವ ಮಾತನ್ನು ನಾನು ಇಷ್ಟಪಡುವುದಿಲ್ಲ. ಭೇದಿಯನ್ನು ಮನಸ್ಸು ಗಟ್ಟಿ ಮಾಡಿ ನಿಲ್ಲಿಸಲು ಆಗುತ್ತದಾ?

ಸೀಟು ಹಿಡಿಯುವ ಮದ್ದು

ಈಗ ಔಷಧಿಗಳ ವಿಷಯ. ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ರಶ್ಶಿನ ಹೊತ್ತು ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದನ್ನು ನೋಡಿದ್ದೀರಲ್ವಾ? ಗ್ರಾಹಕವನ್ನು ಆ ಸೀಟು ಅಂದುಕೊಳ್ಳಿ.

ಮೆಥಡೋನ್ ಸೀಟಿನಲ್ಲಿ ಪೂರ್ತಿ ಕೂರುವ ಪ್ರಯಾಣಿಕ. ಗುಳಿಗೆ ಮಾಡುವ ಕೆಲಸವನ್ನೇ ನಿಧಾನವಾಗಿ, ಇಡೀ ದಿನ ಮಾಡುತ್ತದೆ. ಆದರೆ ಜಾಸ್ತಿಯಾದರೆ ಉಸಿರು ನಿಲ್ಲಿಸಬಲ್ಲದು. ಅದಕ್ಕೇ ಕೇಂದ್ರದಲ್ಲಿ ಸಿಬ್ಬಂದಿ ಎದುರೇ ಕುಡಿಸುತ್ತಾರೆ. ನಮ್ಮ ದೇಶದಲ್ಲಿ ಇದು ಸಿಗುವ ಕಡೆ ಕಡಿಮೆ.

ಬ್ಯುಪ್ರೆನಾರ್ಫಿನ್ ಈ ಕಥೆಯ ನಾಯಕ. ಸೀಟಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ಯಾರು ಬಂದರೂ ಏಳುವುದಿಲ್ಲ. ಆದರೆ ಕೆಲಸ ಮಾಡುವುದು ಅರ್ಧಂಬರ್ಧ. ಆ ಅರ್ಧ ಕೆಲಸವೇ ಇಲ್ಲಿ ವರ. ಮೈ ನಡುಕ, ನೋವು, ಆಸೆ ತಗ್ಗುವಷ್ಟು ಸಿಗುತ್ತದೆ, ಅಮಲು ಏರುವಷ್ಟು ಸಾಮಾನ್ಯವಾಗಿ ಸಿಗುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ಜಾಸ್ತಿ ತಗೊಂಡರೂ ಉಸಿರಿನ ಮೇಲಿನ ಪರಿಣಾಮ ಅಷ್ಟಾಗಿ ಏರುವುದಿಲ್ಲ. ಮಧ್ಯೆ ಟ್ರಮಡಾಲ್ ನುಂಗಿದರೂ ಅದಕ್ಕೆ ಕೂರಲು ಸೀಟಿಲ್ಲ. ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್ ಎರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ.

ಒಂದು ಎಚ್ಚರಿಕೆ ಇಲ್ಲಿದೆ. ಹಳೇ ಗುಳಿಗೆ ಇನ್ನೂ ಸೀಟಿನಲ್ಲಿ ಕೂತಿರುವಾಗಲೇ ಬ್ಯುಪ್ರೆನಾರ್ಫಿನ್ ತಗೊಂಡರೆ, ಅದು ಹಳಬರ ರಟ್ಟೆ ಹಿಡಿದು ಎಬ್ಬಿಸಿ ತಾನು ಕೂರುತ್ತದೆ. ಪೂರ್ತಿ ಕೆಲಸ ಮಾಡುತ್ತಿದ್ದವರು ಹೋಗಿ ಅರ್ಧ ಕೆಲಸದವರು ಬಂದಂತಾಯಿತು. ಎರಡು ದಿನದಲ್ಲಿ ಬರಬೇಕಿದ್ದ ಸಂಕಟ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಒಟ್ಟಿಗೆ ಬರುತ್ತದೆ. ಹಾಗಾಗಿ ಡಾಕ್ಟರು 'ಸಂಕಟ ಶುರುವಾಗುವ ತನಕ ಕಾಯಿರಿ' ಅನ್ನುತ್ತಾರೆ. ಕೇಳಿದರೆ ಕ್ರೂರ ಅನ್ನಿಸುತ್ತದೆ, ಕಾರಣ ಇದು.

ನಮ್ಮಲ್ಲಿ ಹೆಚ್ಚಾಗಿ ಸಿಗುವ ಮಾತ್ರೆಯಲ್ಲಿ ಇದರ ಜೊತೆ ಒಪಿಯಾಯ್ಡ್‌ನ ಕೆಲಸ ತಡೆಯುವ ನಲೊಕ್ಸೋನ್ ಸೇರಿರುತ್ತದೆ. 2 ಮಿಲಿಗ್ರಾಂಗೆ 0.5 ಮಿಲಿಗ್ರಾಂ. ನಾಲಿಗೆ ಕೆಳಗೆ ಇಟ್ಟರೆ ನಲೊಕ್ಸೋನ್ ಹೆಚ್ಚೇನೂ ಮೈಗೆ ಸೇರುವುದಿಲ್ಲ. ಪುಡಿ ಮಾಡಿ ಚುಚ್ಚಿಕೊಂಡರೆ ಮಾತ್ರ ಅದು ಎದ್ದು ಸಂಕಟ ಕೊಡುತ್ತದೆ. ಒಂಥರಾ ಕಾವಲುಗಾರ. ಮಾತ್ರೆ ತಗೊಳ್ಳುವುದಕ್ಕೂ ಒಂದು ಕ್ರಮ ಇದೆ: ಒಂದು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡಿಕೊಂಡು, ನಾಲಿಗೆ ಕೆಳಗಿಟ್ಟು, ಪೂರ್ತಿ ಕರಗುವ ತನಕ ಐದು ಹತ್ತು ನಿಮಿಷ ಮಾತಾಡದೆ ಕೂರಬೇಕು. ನುಂಗಿದರೆ ಬಹುಪಾಲು ವ್ಯರ್ಥ. ಕರಗಿದ ಮೇಲೆ ಬಾಯಿ ಮುಕ್ಕಳಿಸಬೇಕು, ಹಲ್ಲುಜ್ಜಲು ಒಂದು ಗಂಟೆ ಬಿಡಬೇಕು. ಹಲ್ಲು ಹಾಳಾಗುವ ಸಾಧ್ಯತೆಯ ಬಗ್ಗೆ ಅಮೆರಿಕದ ಔಷಧ ಇಲಾಖೆ 2022ರಲ್ಲಿ ಎಚ್ಚರಿಸಿದೆ.

ನಾಲ್ಟ್ರೆಕ್ಸೋನ್ ಅಂದರೆ ಬರೀ ಟವೆಲ್. ಸೀಟು ಹಿಡಿದಿರುತ್ತದೆ, ತಾನೇನೂ ಮಾಡುವುದಿಲ್ಲ. ಪೂರ್ತಿ ಬಿಟ್ಟು 7ರಿಂದ 10 ದಿನ ಆದ ಮೇಲೆ, ಮತ್ತೆ ಜಾರದಿರಲಿ ಅಂತ ಕೊಡುವುದು.

ಕ್ಲೋನಿಡಿನ್ ಸೀಟಿನ ತಂಟೆಗೇ ಹೋಗುವುದಿಲ್ಲ. ಜೋರಾಗಿರುವ ನಾರ್‌ಅಡ್ರಿನಲಿನ್ ಸದ್ದನ್ನು ತಗ್ಗಿಸುತ್ತದೆ. ಬಿಪಿ ಇಳಿಸುವ ಔಷಧಿ ಇದು, ಹಾಗಾಗಿ ಬಿಪಿ ನೋಡದೆ ಕೊಡುವಂತಿಲ್ಲ. ಇದರ ಜೊತೆ ಭೇದಿಗೆ, ವಾಂತಿಗೆ, ನೋವಿಗೆ ಬೇರೆ ಮಾತ್ರೆ, ಓಆರ್‌ಎಸ್.

ವಿಡಿಯೋ ಕಾಲ್‌ನಲ್ಲಿ ಡಾಕ್ಟರು ಏನು ನೋಡುತ್ತಾರೆ

'ಮುಟ್ಟದೆ ಹೇಗೆ ಪರೀಕ್ಷೆ ಮಾಡ್ತಾರೆ?' ಅನ್ನುವ ಅನುಮಾನ ಸಹಜ. ಆದರೆ ಈ ಕಾಯಿಲೆಯ ಬಹುತೇಕ ಲಕ್ಷಣ ಕಣ್ಣಿಗೆ ಕಾಣುವಂಥವು. ಸಂಕಟ ಎಷ್ಟಿದೆ ಅಂತ ಅಳೆಯಲು ಡಾಕ್ಟರ ಹತ್ತಿರ ಒಂದು ಪಟ್ಟಿ ಇರುತ್ತದೆ. ಅದರಲ್ಲಿ 11 ಅಂಶ: ನಾಡಿ, ಬೆವರು, ಚಡಪಡಿಕೆ, ಕಣ್ಣಿನ ಪಾಪೆ, ಮೂಳೆ ನೋವು, ಮೂಗು ಸೋರುವುದು, ಹೊಟ್ಟೆ, ಕೈ ನಡುಕ, ಆಕಳಿಕೆ, ಸಿಟ್ಟು ಆತಂಕ, ರೋಮ ನಿಮಿರುವುದು. ಒಟ್ಟು ಅಂಕ 48. 5ರಿಂದ 12 ಬಂದರೆ ಸೌಮ್ಯ, 13ರಿಂದ 24 ಮಧ್ಯಮ, 36 ದಾಟಿದರೆ ತೀವ್ರ.

ಡಾಕ್ಟರು ಕಿಟಕಿಯ ಕಡೆ ಮುಖ ಮಾಡಿ ಫೋನ್ ಹತ್ತಿರ ತನ್ನಿ ಅನ್ನಬಹುದು. ನೋಡುವುದು ಪಾಪೆಯನ್ನು. ಗುಳಿಗೆ ಕೆಲಸ ಮಾಡುತ್ತಿದ್ದರೆ ಅದು ಸಾಸಿವೆಯಷ್ಟು ಚಿಕ್ಕದು, ಸಂಕಟ ಶುರುವಾದರೆ ಬೆಳಕಿನಲ್ಲೂ ಅಗಲ. ಎರಡೂ ಕೈ ಮುಂದೆ ಚಾಚಿ ಅನ್ನಬಹುದು, ನಡುಕ ಕಾಣಬೇಕು. ತೋಳು ತೋರಿಸಿ ಅಂದರೆ ರೋಮ ನೋಡಲು. ಮಾತಾಡುತ್ತಿರುವಾಗಲೇ ಎಷ್ಟು ಸಲ ಆಕಳಿಸಿದಿರಿ ಅಂತ ಸುಮ್ನೆ ಎಣಿಸುತ್ತಿರುತ್ತಾರೆ. ನಾಡಿ ಮತ್ತು ಬಿಪಿಗೆ ಮಾತ್ರ ಪಕ್ಕದಲ್ಲಿ ಒಬ್ಬರು ಬೇಕು. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಿಂದ ಕರೆ ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಅದನ್ನು ನೋಡಿ ಹೇಳಬಹುದು.

ಫೋನಿನಲ್ಲಿ ಆಗದ್ದು ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ, ಹೊಟ್ಟೆ ಒತ್ತಿ ನೋಡುವುದು. ಇನ್ನೊಂದು ದೊಡ್ಡದಿದೆ.

ಕಾನೂನು ಗೆರೆ ಎಳೆದಿರುವುದು ಎಲ್ಲಿ

ಕೋವಿಡ್ ಲಾಕ್‌ಡೌನ್ ಶುರುವಾದ ದಿನವೇ, 2020ರ ಮಾರ್ಚ್ 25ರಂದು, ನಮ್ಮ ದೇಶದಲ್ಲಿ ಟೆಲಿಮೆಡಿಸಿನ್ ನಿಯಮಾವಳಿ ಹೊರಬಂತು. ಫೋನ್, ವಿಡಿಯೋ ಮೂಲಕ ನೋಡಿ ಡಾಕ್ಟರು ಚೀಟಿ ಬರೆಯಬಹುದು ಅಂತ ಸ್ಪಷ್ಟವಾದದ್ದು ಆಗಲೇ. ಆದರೆ ಅದರಲ್ಲಿ ಒಂದು ನಿಷೇಧ ಪಟ್ಟಿಯೂ ಇದೆ. 1985ರ ಮಾದಕವಸ್ತು ಕಾಯ್ದೆಯಲ್ಲಿ ಹೆಸರಿರುವ ಔಷಧಿಗಳು ಆ ಪಟ್ಟಿಯಲ್ಲಿವೆ. ಬ್ಯುಪ್ರೆನಾರ್ಫಿನ್, ಮೆಥಡೋನ್, ಟ್ರಮಡಾಲ್ ಮೂರೂ ಅದರೊಳಗೆ ಬರುತ್ತವೆ. ಅಂದರೆ, ಬರೀ ಫೋನಿನ ಮೇಲೆ ಇವನ್ನು ಬರೆಯುವಂತಿಲ್ಲ. ಮೇಲಾಗಿ ಚಟ ಬಿಡಿಸಲು ಬಳಸುವ ಬ್ಯುಪ್ರೆನಾರ್ಫಿನ್ ಮಾತ್ರೆ ಸಾಮಾನ್ಯ ಮೆಡಿಕಲ್‌ನಲ್ಲಿ ಸಿಗುವುದಿಲ್ಲ. ಅನುಮತಿ ಇರುವ ಆಸ್ಪತ್ರೆ, ವ್ಯಸನ ಚಿಕಿತ್ಸಾ ಕೇಂದ್ರಗಳಲ್ಲೇ ಕೊಡುವುದು.

ಅಮೆರಿಕದಲ್ಲೂ 2008ರ ಕಾನೂನಿನ ಪ್ರಕಾರ ಇಂಥ ಔಷಧಿಗೆ ಮುಖಾಮುಖಿ ಭೇಟಿ ಬೇಕಿತ್ತು. 2020ರಲ್ಲಿ ಕೋವಿಡ್ ಕಾರಣಕ್ಕೆ ಅದನ್ನು ಸಡಿಲಿಸಿದರು. ನಾವು ಇಂಟರ್‌ನೆಟ್‌ನಲ್ಲಿ ಓದುವ 'ಮನೆಯಲ್ಲೇ ಶುರು ಮಾಡಿ' ಕಥೆಗಳೆಲ್ಲ ಆ ಸಡಿಲಿಕೆಯ ಫಲ. ಅದನ್ನು ಓದಿ ಇಲ್ಲಿ ಯಾರೋ 'ಬ್ಯುಪ್ರೆನಾರ್ಫಿನ್ ಕೊರಿಯರ್ ಮಾಡ್ತೀವಿ' ಅಂದರೆ ನಂಬಿ ದುಡ್ಡು ಹಾಕಬೇಡಿ. ಸರಿಯಾದ ಡಾಕ್ಟರು ಹಾಗೆ ಮಾಡುವುದಿಲ್ಲ. ಟೆಲಿಮೆಡಿಸಿನ್ ಚೀಟಿಯ ಮೇಲೆ ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಇರಲೇಬೇಕು. ಅದಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

ಹಾಗಾದರೆ ಇಲ್ಲಿಂದ ದಾರಿ ಯಾವುದು

ಫೋನು, ಆಸ್ಪತ್ರೆ ಎರಡೂ ಸೇರಿದ ದಾರಿ. ಮೊದಲ ಮಾತು ಫೋನಿನಲ್ಲಿ, ಮೊದಲ ಮಾತ್ರೆ ಆಸ್ಪತ್ರೆಯಲ್ಲಿ, ಆಮೇಲಿನ ಮಾತುಕತೆ ಮತ್ತೆ ಬಹುಪಾಲು ಫೋನಿನಲ್ಲಿ.

ಮೊದಲ ಮಾತಿಗೆ ಟೆಲಿ ಮಾನಸ್ ಇದೆ. ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸೇವೆ, ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಇದರ ಕೇಂದ್ರ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಮೊದಲು ಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಸರ್ಕಾರಿ ಸೇವೆಗೆ ಕಳಿಸುತ್ತಾರೆ. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446.

ಆಸ್ಪತ್ರೆಗೆ ಅಂದರೆ ಸುಮಾರು 260 ಕಿ.ಮೀ. ದೂರದ ಬೆಂಗಳೂರಿಗೇ ಓಡಬೇಕಾಗಿಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆ, ಎರಡೂ ಊರಿನ ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗ, ಇವು ಮೊದಲು ಕೇಳಬೇಕಾದ ಜಾಗಗಳು. ಪ್ರತಿ ಜಿಲ್ಲೆಗೂ ಜಿಲ್ಲಾ ಮಾನಸಿಕ ಆರೋಗ್ಯ ತಂಡ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡೂ ಇದೆ. ಮೊಳಕಾಲ್ಮೂರಿನವರೋ ಹೊಸದುರ್ಗದವರೋ ಆದರೆ ಯಾವ ಮಂಗಳವಾರ ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೋಗಿ. 'ಬ್ಯುಪ್ರೆನಾರ್ಫಿನ್ ನಿಮ್ಮಲ್ಲೇ ಕೊಡ್ತೀರಾ, ಬೇರೆ ಕಡೆ ಕಳಿಸ್ತೀರಾ' ಅಂತ ಮೊದಲೇ ಕೇಳಿದರೆ ಒಂದು ದಿನದ ಕೂಲಿ ಉಳಿಯುತ್ತದೆ.

ಇನ್ನೊಂದು ಬಗೆ, ಡಾಕ್ಟರಿಂದ ಡಾಕ್ಟರಿಗೆ. ಇ-ಸಂಜೀವನಿ ವ್ಯವಸ್ಥೆಯಲ್ಲಿ ಆರೋಗ್ಯ ಕೇಂದ್ರದಿಂದಲೇ ದೂರದ ವೈದ್ಯರನ್ನು ವಿಡಿಯೋದಲ್ಲಿ ಕೇಳಬಹುದು. ಟೆಲಿ ಮೂಲಕ ಬೇರೆ ಊರಿನ ವೈದ್ಯರಿಗೆ ವ್ಯಸನ ಚಿಕಿತ್ಸೆಯ ತರಬೇತಿ ಕೊಡುವುದರಲ್ಲಿ ನಿಮ್ಹಾನ್ಸ್‌ಗೆ ವರ್ಷಗಳ ಅನುಭವ ಇದೆ. ಸಲಹೆ ದೂರದ ತಜ್ಞರದ್ದು, ಚೀಟಿ ರೋಗಿಯ ಪಕ್ಕದಲ್ಲೇ ಇರುವ ಡಾಕ್ಟರದ್ದು.

ಮೊದಲ ಕೆಲವು ದಿನ ಡೋಸ್ ಹೊಂದಿಸಿ, ಸ್ಥಿರ ಆದ ಮೇಲೆ ಕೆಲವು ದಿನಗಳ ಮಾತ್ರೆಯನ್ನು ಮನೆಗೇ ಕೊಡುವ ಪದ್ಧತಿ ಇದೆ. ಆ ದಿನಗಳ ನಡುವೆ 'ನಿದ್ದೆ ಬಂತಾ, ಆಸೆ ಆಯ್ತಾ, ಕೆಲಸಕ್ಕೆ ಹೋದ್ರಾ' ಅನ್ನುವ ವಿಚಾರಣೆಗೆ ಫೋನ್ ಸಾಕು. ನನ್ನ ಪ್ರಕಾರ ಫೋನಿನ ದೊಡ್ಡ ಲಾಭ ಬಸ್ ಚಾರ್ಜ್ ಉಳಿಯುವುದಲ್ಲ. ನಮ್ಮಂಥ ಊರಿನಲ್ಲಿ ಮನೋವೈದ್ಯರ ಓಪಿಡಿ ಬೆಂಚಿನ ಮೇಲೆ ಕೂತರೆ ಸಂಜೆಗೆ ಕೇರಿಗೆಲ್ಲ ಗೊತ್ತು. ಹೀಗಾಗಿ ಎಷ್ಟೋ ಜನ ಮೊದಲ ಹೆಜ್ಜೆಯನ್ನೇ ಇಡುವುದಿಲ್ಲ.

ಗುಟ್ಟಿನ ವಿಷಯಕ್ಕೆ ಕಾನೂನಿನ ಬೆಂಬಲ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗೌಪ್ಯ, ವ್ಯಸನವೂ ಆ ಕಾಯ್ದೆಯೊಳಗೆ ಬರುತ್ತದೆ. 'ಹೋದರೆ ಪೊಲೀಸ್ ಕೇಸ್ ಆಗುತ್ತಾ?' ಅನ್ನುವ ಭಯಕ್ಕೆ ಉತ್ತರ ಮಾದಕವಸ್ತು ಕಾಯ್ದೆಯ 64ಎ ಕಲಂನಲ್ಲಿದೆ. ಬಳಕೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ, ತಾನಾಗಿಯೇ ಚಿಕಿತ್ಸೆಗೆ ಬಂದ ವ್ಯಸನಿಗೆ ಅದು ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು ಅನ್ನುವ ಷರತ್ತು ಇದೆ.

'ಒಂದು ಬಿಡಿಸಿ ಇನ್ನೊಂದು ಹಿಡಿಸಿದಂಗಾಯ್ತಲ್ಲ?'

ಮನೆಯವರು ಕೇಳುವ ಮೊದಲ ಪ್ರಶ್ನೆ ಇದು. ಬ್ಯುಪ್ರೆನಾರ್ಫಿನ್‌ಗೂ ಮೈ ಒಗ್ಗಿಕೊಳ್ಳುತ್ತದೆ, ಥಟ್ಟನೆ ನಿಲ್ಲಿಸಿದರೆ ಸಂಕಟ ಆಗುತ್ತದೆ, ಇದು ನಿಜ. ಆದರೆ ದಿನಕ್ಕೆ ಹತ್ತು ಸಲ ಗುಳಿಗೆ ಹುಡುಕುವುದು, ಸಾಲ ಮಾಡುವುದು, ಡೋಸ್ ಏರಿಸುತ್ತಾ ಹೋಗುವುದು ನಿಲ್ಲುತ್ತದೆ. ಬೆಳಗ್ಗೆ ಮಾತ್ರೆ ಇಟ್ಟುಕೊಂಡು ಕೆಲಸಕ್ಕೆ ಹೋಗಬಹುದು. ಕೆಲವರಿಗೆ ಒಂದೆರಡು ವಾರದಲ್ಲಿ ಇಳಿಸುತ್ತಾ ನಿಲ್ಲಿಸುತ್ತಾರೆ, ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕು. ಬೇಗ ನಿಲ್ಲಿಸಿದವರಲ್ಲಿ ಮತ್ತೆ ಹಳೇ ಗುಳಿಗೆಗೆ ಮರಳುವವರೇ ಜಾಸ್ತಿ ಅನ್ನುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಹಾಗೆ ಮರಳುವುದರಲ್ಲೇ ಜೀವದ ಅಪಾಯ. ಕೆಲವು ವಾರ ಬಿಟ್ಟ ಮೇಲೆ ಮೈಯ ತಾಳಿಕೆ ಇಳಿದಿರುತ್ತದೆ. ಹಿಂದೆ ತಡೆದುಕೊಳ್ಳುತ್ತಿದ್ದ ಅದೇ ಡೋಸ್ ಈಗ ಉಸಿರು ನಿಲ್ಲಿಸಬಹುದು.

ನೋವು ಉಳಿದೇ ಇದ್ದರೆ ಅದಕ್ಕೂ ದಾರಿ ಹುಡುಕಬೇಕು. ಸೊಂಟದ ಡಿಸ್ಕ್ ಸಮಸ್ಯೆ ಹಾಗೇ ಇಟ್ಟುಕೊಂಡು ಗುಳಿಗೆ ಬಿಡು ಅಂದರೆ ಮೂಟೆ ಹೊರುವವನು ಏನು ಮಾಡಬೇಕು? ಫಿಸಿಯೋಥೆರಪಿ, ಬೇರೆ ಜಾತಿಯ ನೋವಿನ ಔಷಧಿ, ಕೆಲಸದಲ್ಲಿ ಬದಲಾವಣೆ, ಇದೆಲ್ಲ ಚಿಕಿತ್ಸೆಯ ಭಾಗವೇ.

ಫೋನ್ ಬದಿಗಿಟ್ಟು ಓಡಬೇಕಾದ ಹೊತ್ತು

ಉಸಿರು ನಿಧಾನವಾಗಿ, ತುಟಿ ನೀಲಿಯಾಗಿ, ಎಬ್ಬಿಸಿದರೂ ಏಳದಿದ್ದರೆ ಅದು ಓವರ್‌ಡೋಸ್. ತಕ್ಷಣ 108. ಫಿಟ್ಸ್ ಬಂದರೂ, ನೀರೂ ನಿಲ್ಲದಷ್ಟು ವಾಂತಿ ಭೇದಿ ಆದರೂ, ಸಾಯುವ ಮಾತಾಡಿದರೂ ಆಸ್ಪತ್ರೆಗೇ. ಗರ್ಭಿಣಿಯರು ಸ್ವಂತ ತೀರ್ಮಾನದಿಂದ ಥಟ್ಟನೆ ನಿಲ್ಲಿಸಬಾರದು, ಮಗುವಿಗೆ ತೊಂದರೆ. ಗುಳಿಗೆಯ ಜೊತೆ ಕುಡಿತವೋ ನಿದ್ದೆ ಮಾತ್ರೆಯೋ ಇದ್ದರೆ ಮನೆಯಲ್ಲಿ ಪ್ರಯೋಗ ಬೇಡ. ಮೂರೂ ಉಸಿರನ್ನೇ ತಗ್ಗಿಸುವಂಥವು. ಅಲ್ಲದೆ ಕುಡಿತ, ನಿದ್ದೆ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಅದೇ ಬೇರೆ ಗಂಡಾಂತರ. ಬ್ಯುಪ್ರೆನಾರ್ಫಿನ್ ಮಾತ್ರೆ ಮನೆಗೆ ತಂದರೆ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ದೊಡ್ಡವರಿಗೆ ಸಣ್ಣದಾದ ಮಾತ್ರೆ ಮಗುವಿನ ಜೀವ ತೆಗೆಯಬಹುದು.

ಕರೆ ಮಾಡುವ ಮುಂಚೆ

ಖಾಲಿ ಸ್ಟ್ರಿಪ್ ಆದರೂ ಸರಿ, ಕೈಯಲ್ಲಿ ಇಟ್ಟುಕೊಳ್ಳಿ, ಹೆಸರು ಮತ್ತು ಮಿಲಿಗ್ರಾಂ ಓದಿ ಹೇಳಲು ಬೇಕು. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯದು ಇವತ್ತು ಎಷ್ಟು ಗಂಟೆಗೆ, ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಡಿಮೆ ಮಾಡಿ ಹೇಳಬೇಡಿ. ಇಪ್ಪತ್ತು ನುಂಗುವವರು ಐದು ಅಂದರೆ ಡಾಕ್ಟರ ಲೆಕ್ಕ ಐದಕ್ಕೇ ಬೀಳುತ್ತದೆ, ರಾತ್ರಿ ಒದ್ದಾಡುವವರು ನೀವು. ಬಿಪಿ, ಶುಗರ್, ಫಿಟ್ಸ್, ಲಿವರ್ ತೊಂದರೆ ಇದ್ದರೆ ಹೇಳಿ. ಗುಳಿಗೆ ನುಂಗುವವರ ಪರವಾಗಿ ಹೆಂಡತಿಯೋ ಅಣ್ಣನೋ ಕರೆ ಮಾಡಿದರೂ ಸಲಹೆ ಸಿಗುತ್ತದೆ. ಔಷಧಿ ಬರೆಯುವ ಹೊತ್ತಿಗೆ ಮಾತ್ರ ಗುಳಿಗೆ ನುಂಗುವವರೇ ಫೋನಿನ ಎದುರು ಕೂರಬೇಕು.